ಕರೆಂಟ್ ಹೋದಾಗ ತೆಗೆದ ಚಿತ್ರಗಳು

ಕರೆಂಟ್ ಹೋದರೆ ನಮ್ಮ ಬೀದಿಯಲ್ಲಿ ಖುಷಿಪಡುತ್ತಿದ್ದವರು ಪಕ್ಕದ ಮನೆಯ ಅಣ್ಣ ಒಬ್ಬರೇ. ದೊಡ್ಡಬಳ್ಳಾಪುರದಲ್ಲಿ ನೇಕಾರರ ಬೀದಿ ಎಂದರೆ ಬೆಳಕು ಹರಿದಾಗಿನಿಂದ ಪವರ್‌ಲೂಮಿನ ಸದ್ದು. ಮನೆಗೆ ಬಂದ ನೆಂಟರು ಗಂಟಲು ಹರಿಯುವಂತೆ ಕೂಗುತ್ತಾರೆ, ನಾವು ತುಟಿ ನೋಡಿಕೊಂಡೇ ಉತ್ತರ ಕೊಡುತ್ತೇವೆ. ಕರೆಂಟ್ ಹೋಯಿತೋ, ಒಂದೊಂದು ಬಾಗಿಲಿನಿಂದಲೂ ಬೈಗುಳ ಹೊರಬೀಳುತ್ತದೆ. ಅವರು ಮಾತ್ರ ಕುಡಿಯುತ್ತಿದ್ದ ಕಾಫಿಯನ್ನು ಜಗಲಿಯ ಮೇಲೆಯೇ ಬಿಟ್ಟು, ಪಂಚೆ ಎತ್ತಿ ಕಟ್ಟಿಕೊಂಡು ಒಳಗೆ ಓಡುತ್ತಿದ್ದರು. "ಈವಯ್ಯನೇ ಲೈನ್‌ಮ್ಯಾನ್‌ಗೆ ಹೇಳಿ ಕರೆಂಟ್ ತೆಗೆಸ್ತಾನೆ ಕಣ್ರೀ" ಎಂದು ಎದುರುಮನೆಯವರು ತಮಾಷೆಗೆ ಅನ್ನುತ್ತಿದ್ದರು. ಗಿರಾಕಿಗೆ ಸೀರೆ ಕೊಡುವ ದಿನ ಹತ್ತಿರವಿದ್ದರೆ ಅದೇ ಮಾತನ್ನು ತಮಾಷೆಯಿಲ್ಲದೆ ಅನ್ನುತ್ತಿದ್ದರು.

ಅವರು ಓಡುತ್ತಿದ್ದುದು ಫೋಟೊ ತೆಗೆಯಲು. ಇರುವೆಯ ಮುಖವನ್ನೋ ರಾಗಿಕಾಳಿನ ಸಿಪ್ಪೆಯನ್ನೋ ಅಂಗೈಯಗಲಕ್ಕೆ ಹಿಗ್ಗಿಸಿ ತೆಗೆಯುವ ಫೋಟೊ. ಇರುವೆಯನ್ನು ಅಷ್ಟು ದೊಡ್ಡದು ಮಾಡಿದರೆ ನೆಲದ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಅಕ್ಕಪಕ್ಕದ ಮನೆಗಳಲ್ಲಿ ಮಗ್ಗ ಓಡುತ್ತಿದ್ದರೆ ಮೇಜು ಅದುರಿ ಚಿತ್ರ ಕಲಸಿಹೋಗುತ್ತಿತ್ತು. ಹಾಗಾಗಿ ಇಡೀ ಬೀದಿ ನಿಂತಾಗ ಮಾತ್ರ ಅವರ ಕೆಲಸ, ಅದೂ ಬ್ಯಾಟರಿ ಟಾರ್ಚಿನ ಬೆಳಕಿನಲ್ಲಿ.

ಅವರು ಹೋಗಿ ಎರಡು ತಿಂಗಳಾಯಿತು. ಈಗಲೂ ಕರೆಂಟ್ ಹೋದ ಕೂಡಲೇ ಗೋಡೆಯಾಚೆ ಅವರ ಚಪ್ಪಲಿ ಕಳಚುವ ಸದ್ದಿಗೆ ಕಿವಿ ಕೊಡುತ್ತೇನೆ. ಅವರನ್ನು ಹೊಗಳೋಣವೆಂದು ಬರೆಯಲು ಕುಳಿತವಳಲ್ಲ ನಾನು. ಅವರಿಗೆ ನನ್ನಿಂದ ಒಂದು ಅನ್ಯಾಯವಾಗಿದೆ. ಅದನ್ನು ಅವರು ಯಾರ ಹತ್ತಿರವೂ ಆಡದೆ ಹೋದರು. ನಾನೂ ಬಾಯಿ ಬಿಟ್ಟಿರಲಿಲ್ಲ.

ಗೋಡೆಗೆ ಗೋಡೆ ಅಂಟಿದ ಮನೆಗಳು ನಮ್ಮವು. ನನಗಿಂತ ಇಪ್ಪತ್ತು ವರ್ಷ ಹಿರಿಯರಾದ್ದರಿಂದ ಅವರು ನನಗೆ ಅಣ್ಣ, ಅವರ ಹೆಂಡತಿ ಅತ್ತಿಗೆ. ನಾನು ದೊಡ್ಡಬೆಳವಂಗಲದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡಲು ಸೇರಿದ ಮೇಲೆ ಅವರ ಬಾಯಲ್ಲಿ ಟೀಚರಮ್ಮ ಆದೆ. ಮನೆಯ ಎರಡು ಮಗ್ಗಗಳನ್ನು ನಡೆಸುತ್ತಿದ್ದವರು ಅತ್ತಿಗೆ. ಅಣ್ಣನದು ಸೀರೆಯ ಅಂಚಿಗೂ ಸೆರಗಿಗೂ ಗ್ರಾಫ್ ಹಾಳೆಯ ಮೇಲೆ ಡಿಸೈನ್ ಬರೆಯುವ ಕೆಲಸ. ಒಂದು ಚೌಕಕ್ಕೆ ಒಂದು ಎಳೆ. ಹಂಸದ ಕತ್ತು ಬಾಗಬೇಕಾದರೆ ಎಷ್ಟನೆಯ ಎಳೆ ಏಳಬೇಕೆಂಬುದು ಅವರಿಗೆ ಬಾಯಿಪಾಠವಾಗಿತ್ತು. ಕಂಪ್ಯೂಟರ್ ಬಂದ ಮೇಲೆ ಆ ಕೆಲಸ ಹೋಯಿತು. "ಅದು ನನಗಿಂತ ಚೆನ್ನಾಗೇ ಬರೀತೈತೆ, ಸುಳ್ಳು ಯಾಕೆ ಹೇಳ್ಲಿ" ಎಂದು ಪೆನ್ಸಿಲು, ಸ್ಕೇಲುಗಳನ್ನೆಲ್ಲ ನನ್ನ ಶಾಲೆಯ ಮಕ್ಕಳಿಗೆ ಕೊಟ್ಟುಬಿಟ್ಟರು.

ಕೊಡದೆ ಉಳಿಸಿಕೊಂಡದ್ದು ಎಳೆ ಎಣಿಸುವ ಗಾಜನ್ನು. ಬೆಂಕಿಪೊಟ್ಟಣದಷ್ಟು ಇರುವ, ಮಡಚುವ ಹಿತ್ತಾಳೆಯ ಸಾಮಾನು ಅದು. ಬಿಚ್ಚಿ ಬಟ್ಟೆಯ ಮೇಲಿಟ್ಟರೆ ಕೈಬಿಟ್ಟರೂ ನಿಲ್ಲುತ್ತದೆ. ಮೇಲಿನ ಗಾಜಿಗೆ ಕಣ್ಣು ಕೊಟ್ಟರೆ ಎಳೆಗಳು ಹಗ್ಗದಂತೆ ಕಾಣುತ್ತವೆ. ಅದು ಸದಾ ಅವರ ಅಂಗಿಯ ಜೇಬಿನಲ್ಲಿರುತ್ತಿತ್ತು. ನಲವತ್ತು ವರ್ಷ ಅದರೊಳಗೆ ಇಣುಕಿ ಇಣುಕಿ ಅವರ ಬಲಹುಬ್ಬು ಎಡಹುಬ್ಬಿಗಿಂತ ಮೇಲೇರಿ ಅಲ್ಲೇ ನಿಂತುಬಿಟ್ಟಿತ್ತು. ಹೊಸಬರಿಗೆ ಅವರು ತಮ್ಮ ಮಾತನ್ನು ನಂಬುತ್ತಿಲ್ಲವೇನೋ ಅನ್ನಿಸುತ್ತಿತ್ತು. ಮದುವೆಮನೆಯಲ್ಲಿ ಕೂತರೆ ಬಾಳೆಎಲೆಯ ಮೇಲೂ ಅದನ್ನಿಟ್ಟು ನೋಡುವವರು. ಅತ್ತಿಗೆ ಮೊಣಕೈಯಲ್ಲಿ ತಿವಿದು, "ಮೊದ್ಲು ಉಣ್ಣಿ, ಎಲೆ ಆಮೇಲೆ ಓದೀರಂತೆ" ಎನ್ನುತ್ತಿದ್ದರು.

ಕೆಲಸ ಹೋದ ಮೇಲೆ ಅವರು ಗುಜರಿ ಅಂಗಡಿಗಳ ದಾರಿ ಹಿಡಿದರು. ಹಿಡಿದದ್ದು ಗಾಜಿಗಾಗಿ. ಮುಚ್ಚಿದ ಟಾಕೀಸಿನ ಪ್ರೊಜೆಕ್ಟರಿನದು, ಕೆಟ್ಟ ಜೆರಾಕ್ಸ್ ಮೆಷಿನ್ನಿನದು, ಯಾರೋ ಎಸೆದ ದುರ್ಬೀನಿನದು, ಹೀಗೆ ಎಲ್ಲಿ ಲೆನ್ಸು ಇದೆಯೋ ಅಲ್ಲಿ ಅವರು. ಲೆನ್ಸನ್ನು ಲೆನ್ಸು ಎಂದವರಲ್ಲ, ಕಣ್ಣು ಎಂದೇ ಅನ್ನುತ್ತಿದ್ದರು. ಸಿಕ್ಕಿದ್ದನ್ನು ಮೊದಲು ಮೂಸಿ ನೋಡುವರು, ಒಳಗೆ ಬೂಷ್ಟು ಹಿಡಿದಿದ್ದರೆ ವಾಸನೆಯಲ್ಲೇ ಗೊತ್ತಾಗುತ್ತದಂತೆ. ಮನೆಗೆ ತಂದು ಬಿಚ್ಚಿ, ಅತ್ತಿಗೆಯ ಹಳೆಯ ನೂಲಿನ ಸೀರೆಯ ತುಂಡಿನಿಂದ ಒಂದೊಂದೇ ಗಾಜನ್ನು ಒರೆಸಿ, ಬಿಸಿಲಿಗೆ ಹಿಡಿದು, "ಬದುಕೈತೆ" ಎಂದೋ "ಹೋಗೈತೆ" ಎಂದೋ ತೀರ್ಪು ಕೊಡುತ್ತಿದ್ದರು.

ಬದುಕಿದ ಕಣ್ಣುಗಳಿಗೆ ಮೈ ಕಟ್ಟುವುದು ಮಗ್ಗದ ಸಾಮಾನಿನಿಂದಲೇ. ನೂಲು ಸುತ್ತಿ ಬರುವ ರಟ್ಟಿನ ಕೋನ್ ಕತ್ತರಿಸಿ, ಒಳಗೆಲ್ಲ ದೀಪದ ಮಸಿ ಬಳಿದು ಕೊಳವೆ ಮಾಡಿಕೊಳ್ಳುತ್ತಿದ್ದರು. ಕೊಳವೆಯ ಒಂದು ಕೊನೆಗೆ ಲೆನ್ಸು, ಇನ್ನೊಂದಕ್ಕೆ ಅಳಿಯ ಬಳಸಿ ಬಿಟ್ಟ ಹಳೆಯ ಡಿಜಿಟಲ್ ಕ್ಯಾಮೆರಾ. ಇಡೀ ಸಾಮಾನನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಲು ಮಗ್ಗದ ಹಲ್ಲುಚಕ್ರ. ಒಂದು ಸಲ ಸ್ಟುಡಿಯೋ ಮುಚ್ಚಿದವರೊಬ್ಬರು ಕೊಟ್ಟ ಲೆನ್ಸನ್ನು ಹಿಂದುಮುಂದಾಗಿ ಕೂರಿಸಿದ್ದರು. "ಉಲ್ಟಾ ಹಾಕಿದೀರಲ್ಲ ಅಣ್ಣ" ಎಂದೆ.

"ಬೇಕಂತಲೇ ಉಲ್ಟಾ ಹಾಕಿವ್ನಿ ಟೀಚರಮ್ಮ. ಮದುವೆ ಮನೆಯಷ್ಟು ಜನಾನ ಚಿಟಿಕೆ ಫಿಲಮ್ಮಿಗೆ ಇಳಿಸೋಕೆ ಮಾಡಿರೋ ಕಣ್ಣಿದು. ತಿರುಗಿಸಿ ಹಾಕಿದ್ರೆ ಚಿಟಿಕೆ ಇರುವೇನ ಮದುವೆ ಮನೆಯಷ್ಟು ಮಾಡ್ತೈತೆ. ಸೈನ್ಸ್ ಟೀಚರ್ ನೀವು, ನಾನು ಹೇಳ್ಬೇಕಾ?"

ನಮ್ಮ ಶಾಲೆಯ ಹಳೆಯ ಮೈಕ್ರೋಸ್ಕೋಪು ಬಿದ್ದು ಮುರಿದಾಗ ಅವರಿಗೇ ತೋರಿಸಿದೆ. ಮೂಸಿದರು, ಬಿಚ್ಚಿದರು. "ಮೈಕ್ರೋಸ್ಕೋಪು ಹೋಗೈತೆ. ಕಣ್ಣು ಬದುಕೈತೆ" ಎಂದರು. ಪ್ರಯೋಗಶಾಲೆಯ ಗೋಡೆಗೆ ನಾಲ್ಕು ಚಿತ್ರ ಮಾಡಿಕೊಡುವುದಾದರೆ ಆ ಲೆನ್ಸನ್ನು ಅವರೇ ಇಟ್ಟುಕೊಳ್ಳಲಿ ಎಂದು ಹೆಡ್‌ಮಾಸ್ಟರು ಒಪ್ಪಿದರು. ಅವರು ಏಳು ಮಾಡಿಕೊಟ್ಟರು. ಈಗಲೂ ಅಲ್ಲಿವೆ, ತೆಂಗಿನಕಾಯಿಯಷ್ಟು ದೊಡ್ಡ ರಾಗಿಕಾಳಿನ ಮುಂದೆ ನಿಂತು ಮಕ್ಕಳು ಒಬ್ಬರನ್ನೊಬ್ಬರು ತಳ್ಳಾಡುತ್ತಾರೆ.

ಇನ್ನು ಅತ್ತಿಗೆಯ ವಿಷಯ ಹೇಳಬೇಕು. ನಾನು ಹೇಳಹೊರಟ ಘಟನೆಯ ಹೊತ್ತಿಗೆ ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಕ್ಯಾನ್ಸರು. ಬೆಂಗಳೂರಿಗೆ ಹೋಗಿ ಮದ್ದು ಹಾಕಿಸಿಕೊಂಡು ಬಂದು, ಮೈಯಲ್ಲಿ ತ್ರಾಣ ಇದ್ದ ದಿನ ಮಗ್ಗದ ಮುಂದೆ ನಿಲ್ಲುತ್ತಿದ್ದರು. ಮೊಣಕಾಲು ಮುಟ್ಟುವ ಜಡೆ ಅವರದು. ಮದ್ದಿಗೆ ಅದು ಹಿಡಿಹಿಡಿಯಾಗಿ ಉದುರತೊಡಗಿತು. ಬಾಚಣಿಗೆಗೆ ಬಂದದ್ದನ್ನು ಬೆರಳಿಗೆ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಡುವರು. ಕೂದಲಿಗೆ ಪಾತ್ರೆ ಕೊಡುವವಳು ಬೀದಿಯಲ್ಲಿ ಕೂಗಿಕೊಂಡು ಬಂದ ದಿನ ಆ ಉಂಡೆಗಳನ್ನೆಲ್ಲ ಕೊಟ್ಟು ಒಂದು ಸ್ಟೀಲ್ ಚೊಂಬು ತೆಗೆದುಕೊಂಡರು. "ನೋಡಮ್ಮಾ, ಇಷ್ಟು ದಿನ ಎಣ್ಣೆ ಹಾಕಿ ಬೆಳೆಸಿದ್ದಕ್ಕೆ ಚೊಂಬಾದ್ರೂ ಬಂತು" ಎಂದು ನನಗೆ ತೋರಿಸಿ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ.

ಅವರು ಕೊನೆಯದಾಗಿ ನೇಯ್ದದ್ದು ನೇರಳೆಹಣ್ಣಿನ ಬಣ್ಣದ ಒಂದು ಪಾಲಿಯೆಸ್ಟರ್ ಸೀರೆ. ಅದನ್ನು ಅಣ್ಣ ಅಂಗಡಿಗೆ ಕಳಿಸಲಿಲ್ಲ. ಹೊಸ ಕಣ್ಣು ಯಾವುದು ಸಿಕ್ಕಿದರೂ ಮೊದಲು ಆ ಸೀರೆಯ ಅಂಚಿನ ಮೇಲೆ ಪರೀಕ್ಷೆ ಮಾಡುವರು. ಅಲ್ಲಿನ ಎಳೆಗಳ ಲೆಕ್ಕ ಗೊತ್ತಿದ್ದುದರಿಂದ ಹಾಗೆ ಮಾಡುತ್ತಿದ್ದೇನೆ ಎನ್ನುವರು. ನಾನು ನಂಬಿದಂತೆ ತಲೆಯಾಡಿಸುತ್ತಿದ್ದೆ.

ನನ್ನದೂ ಒಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಟೀಚರಾಗುವ ಮೊದಲು ಆರು ವರ್ಷ ನಾನು ಸೀರೆಯ ಗೋಡೌನೊಂದರಲ್ಲಿ ಚೆಕಿಂಗ್ ಮಾಡಿದವಳು. ಮಗ್ಗದಿಂದ ಇಳಿದ ಸೀರೆಯನ್ನು ಬೆಳಕಿಗೆ ಹರಡಿ, ಗಂಟು, ಬಿಟ್ಟ ಎಳೆ, ಬಟ್ಟೆಯೊಳಗೆ ಸೇರಿಕೊಂಡ ಕೂದಲು, ಇವನ್ನು ಚಿಮಟದಿಂದ ಕಿತ್ತು ಊದಿ ಹಾಕುವ ಕೆಲಸ. ನೇಯುವವರು ಹೆಚ್ಚಾಗಿ ಹೆಂಗಸರು, ಕೂದಲಿಲ್ಲದ ಸೀರೆಯೇ ಇಲ್ಲ. ದಿನಕ್ಕೆ ಅರವತ್ತು ಸೀರೆ ನೋಡುವಾಗ ಯೋಚನೆ ಮಾಡಲು ಪುರುಸೊತ್ತಿರುವುದಿಲ್ಲ. ಕಣ್ಣು ಕಾಣುತ್ತದೆ, ಕೈ ಕೀಳುತ್ತದೆ, ಬಾಯಿ ಊದುತ್ತದೆ. ಬಸ್ಸಿನಲ್ಲಿ ಮುಂದಿನ ಸೀಟಿನವರ ಬೆನ್ನ ಮೇಲೆ ಕೂದಲು ಕಂಡರೂ ನನ್ನ ಬೆರಳು ಚಡಪಡಿಸುತ್ತದೆ.

ಹೋದ ವರ್ಷ, ಶಿವರಾತ್ರಿ ಕಳೆದು ಸೆಕೆ ಶುರುವಾಗಿತ್ತು. ಒಂದು ಭಾನುವಾರ ಬೆಳಗ್ಗೆ ಗೋಡೆಯಾಚೆಯಿಂದ ಅಣ್ಣ ಕೂಗಿದರು. "ಟೀಚರಮ್ಮ, ಒಸಿ ಬಂದ್ಹೋಗಿ. ನಿಮ್ಮ ಸ್ಕೂಲಿನ ಕಣ್ಣು ಏನೋ ತೋರಿಸ್ತೈತೆ."

ಹೋದೆ. ಮೇಜಿನ ಮೇಲೆ ನೇರಳೆ ಸೀರೆಯ ಒಂದು ಭಾಗವನ್ನು ಹಲಗೆಗೆ ಪಿನ್ನು ಹಾಕಿ ಬಿಗಿದಿದ್ದರು. ಅದರ ಮೇಲೆ ಬಗ್ಗಿ ನಿಂತ ಕ್ಯಾಮೆರಾ. ಅದರ ಪರದೆಯಲ್ಲಿ ಏನೋ ನಡುಗುತ್ತಿತ್ತು, ಏನೆಂದು ಗೊತ್ತಾಗಲಿಲ್ಲ. "ಅಂಚು ಬಿಟ್ಟು ಈ ಸಲ ಸೀರೆ ಮೈ ಕಡೆ ನೋಡ್ದೆ. ಹತ್ತು ದಿನದಿಂದ ಕಾಯ್ತಾ ಇವ್ನಿ, ಹಾಳು ಕರೆಂಟು ಹೋಗ್ತಾನೇ ಇಲ್ಲ" ಎಂದರು. ಅವರ ಮಾತು ಬಾಯಲ್ಲಿದ್ದಾಗಲೇ ಕರೆಂಟ್ ಹೋಯಿತು. ಮಗ್ಗಗಳು ಒಂದೊಂದಾಗಿ ನಿಂತವು. ಅಣ್ಣನ ಮುಖ ನೋಡಬೇಕಿತ್ತು. "ನೋಡ್ತಾ ಇರಿ, ಏನು ಅಂತ ನೀವೇ ಹೇಳಿ. ಟಾರ್ಚ್ ತಂದ್‌ಬಿಟ್ಟೆ" ಎಂದು ಒಳಕೋಣೆಗೆ ಓಡಿದರು.

ಪರದೆಯ ಮೇಲಿನ ನಡುಕ ನಿಂತಿತು. ಕಿಟಕಿಯ ಬೆಳಕಿನಲ್ಲಿ ಚಿತ್ರ ನಿಧಾನವಾಗಿ ತಿಳಿಯಾಯಿತು. ನೇರಳೆ ಎಳೆಗಳು ಕೊಳಾಯಿಯ ಪೈಪುಗಳಂತೆ ಸಾಲಾಗಿ ಮಲಗಿದ್ದವು. ಅವುಗಳ ನಡುವೆ ಒಂದು ಕೂದಲು. ಒಂದು ಎಳೆಯ ಮೇಲೆ, ಒಂದರ ಕೆಳಗೆ, ಮತ್ತೆ ಮೇಲೆ, ಅಡ್ಡಕ್ಕೆ ಹೋಗುವ ಹೊಕ್ಕಿನ ನೂಲಿನ ಜೊತೆಗೇ ನೇಯ್ದುಕೊಂಡು ಹೋಗಿತ್ತು. ಇರುವೆಗಳನ್ನು ಎತ್ತಿಡಲು ಅಣ್ಣ ಬಳಸುತ್ತಿದ್ದ ಚಿಮಟ ಮೇಜಿನ ಮೇಲೆ ನನ್ನ ಬಲಗೈಯ ಪಕ್ಕದಲ್ಲೇ ಇತ್ತು.

ಅಣ್ಣ ಟಾರ್ಚು ಹೊತ್ತಿಸಿಕೊಂಡು ಬಂದಾಗ ನಾನು ಹೇಳಿದೆ, "ಒಂದು ಕೂದ್ಲು ಸೇರ್ಕೊಂಡಿತ್ತಣ್ಣ. ತೆಗ್ದ್‌ಬಿಟ್ಟೆ. ಈಗ ಫೋಟೊ ಚೆನ್ನಾಗಿ ಬರುತ್ತೆ ನೋಡಿ."

ಶಹಬ್ಬಾಸ್ ಅನ್ನಲಿ ಎಂಬಂತೆ ಹೇಳಿದೆ. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವರು ಪರದೆ ನೋಡಿದರು. "ಎಲ್ಲಿ ಹಾಕಿದ್ರಿ?"

"ಊದ್‌ಬಿಟ್ಟೆ."

ಟಾರ್ಚಿನ ಬೆಳಕನ್ನು ಸೀರೆಯ ಮೇಲೆ ಹಿಡಿದು ನೋಡಿದರು. ಆಮೇಲೆ ಮೆತ್ತಗೆ, "ಅದು ನಿಮ್ಮತ್ತಿಗೇದು ಕಣಮ್ಮ" ಎಂದರು.

ನಾನು ಕೂತಲ್ಲಿಂದ ಏಳಹೋದೆ. ಅವರೇ ಎಚ್ಚರ ಹೇಳಿದರು, "ಏಳ್ಬೇಡಿ. ಸೆರಗು ಆಡಿಸ್ಬೇಡಿ. ಇಲ್ಲೇ ಎಲ್ಲೋ ಬಿದ್ದಿರ್ತೈತೆ." ಟಾರ್ಚನ್ನು ನೆಲಕ್ಕೆ ಅಂಟಿಸಿ ಹಿಡಿದರು. ಹಾಗೆ ಹಿಡಿದರೆ ನೆಲದ ಮೇಲಿನ ಸಣ್ಣ ಧೂಳಿಗೂ ಉದ್ದ ನೆರಳು ಬೀಳುತ್ತದೆ. ಇಬ್ಬರೂ ಮೊಣಕಾಲೂರಿ ಹುಡುಕಿದೆವು. ಗುರುತು ಹೇಗೆ ಎಂದರೆ, ಒಂಬತ್ತು ವರ್ಷ ಎಳೆಗಳ ನಡುವೆ ಬಿಗಿಯಾಗಿ ಕೂತ ಕೂದಲು ನೆಟ್ಟಗಿರುವುದಿಲ್ಲ, ಎಳೆಗೊಂದು ಬಾಗು ಬಿದ್ದು ಅಲೆಅಲೆಯಾಗಿರುತ್ತದೆ ಎಂದರು. ಸಿಕ್ಕಿದ್ದನ್ನೆಲ್ಲ ಎಳೆ ಎಣಿಸುವ ಗಾಜಿನ ಕೆಳಗಿಟ್ಟು ನೋಡಿದರು. ಮೊದಲನೆಯದು ನನ್ನದು. ಎರಡನೆಯದು ತೆಂಗಿನ ನಾರು. ಇನ್ನೆರಡೂ ನನ್ನವೇ. ನನ್ನ ತಲೆಯ ಮೇಲೆ ನನಗೇ ಸಿಟ್ಟು ಬಂತು.

ಆಮೇಲೆ ಮೇಜಿನ ಕಾಲಿನ ಹತ್ತಿರ ಏನೋ ಸಣ್ಣಗೆ ಮಿಂಚಿತು. ಅಲೆಅಲೆಯಾಗಿತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ತೋರಿಸೋಣವೆಂದು ಕೈ ಎತ್ತಿದೆ. ಅಷ್ಟರಲ್ಲಿ ಕರೆಂಟ್ ಬಂತು.

ನಮ್ಮ ತಲೆಯ ಮೇಲೆ ಫ್ಯಾನು ತಿರುಗಿತು. ಸೆಕೆಗೆಂದು ಹಾಕಿದ್ದ ಸ್ವಿಚ್ಚನ್ನು ಇಬ್ಬರೂ ಆರಿಸಿರಲಿಲ್ಲ. ಟಾರ್ಚಿನ ಬೆಳಕಿನಲ್ಲಿ ನೆಲದ ಧೂಳೆಲ್ಲ ಎದ್ದು ಓಡಿತು. ಆಚೆ ಈಚೆಯ ಮಗ್ಗಗಳೂ ಶುರುವಾದವು. ಅಣ್ಣ ತಲೆಯೆತ್ತಿ ಫ್ಯಾನನ್ನು ನೋಡಿದರು, ನೆಲವನ್ನು ನೋಡಿದರು, ಆಮೇಲೆ ಎದ್ದು ಹೋಗಿ ಸ್ವಿಚ್ ಆರಿಸಿದರು.

"ಹೋಗ್ಲಿ ಬಿಡಿ ಟೀಚರಮ್ಮ. ಚೆಕಿಂಗ್ ಮಾಡಿದ ಕೈ. ಅದರ ತಪ್ಪೇನೈತೆ" ಎಂದು ಕಾಫಿ ಮಾಡಲು ಹೋದರು. 

ಒಂದು ತಿಂಗಳು ಅವರ ಮನೆಯ ಹೊಸಿಲು ತುಳಿಯಲಿಲ್ಲ. ಅವರು ಜಗಲಿಯಲ್ಲಿ ಕೂತಿದ್ದರೆ ನಾನು ಸುತ್ತು ಹಾಕಿ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಕೊನೆಗೆ ಅವರೇ ಜೀರುಂಡೆಯ ಚಿತ್ರವೊಂದನ್ನು ಹಿಡಿದುಕೊಂಡು ಬಂದರು. "ಕಾಲು ಉಳುಕೈತಾ, ಯಾಕೆ ಬರ್ತಿಲ್ಲ? ಇವನ ಮೀಸೆ ನೋಡಿ, ನಿಮ್ಮ ಹೆಡ್‌ಮಾಸ್ಟರ್ ಮೀಸೆ ಇದ್ದಂಗೇ ಐತೆ." ಆ ದಿನದ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅದಕ್ಕೂ ಅವರು ಅವಕಾಶ ಕೊಡಲಿಲ್ಲ.

ಆದರೆ ಆ ಜೀರುಂಡೆಯೇ ಕೊನೆ. ಆಮೇಲೆ ಹೊಸ ಚಿತ್ರ ಯಾವುದನ್ನೂ ಅವರು ತೋರಿಸಲಿಲ್ಲ. ಕರೆಂಟ್ ಹೋದಾಗ ಒಳಗೆ ಓಡುವುದು ಮಾತ್ರ ತಪ್ಪಲಿಲ್ಲ, ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಫೋಟೊ ತೆಗೆಯುವ ಆಸೆಯೇ ಸತ್ತುಹೋಗಿದೆ, ಸುಮ್ಮನೆ ಕತ್ತಲಲ್ಲಿ ಕೂರುತ್ತಾರೆ, ಅದಕ್ಕೆ ನಾನೇ ಕಾರಣ ಎಂದುಕೊಂಡಿದ್ದೆ. ಹೀಗೆ ವರ್ಷವೊಂದು ಕಳೆಯಿತು. ಒಂದು ಮಧ್ಯಾಹ್ನ ಎದೆನೋವು ಎಂದರು. ಆಸ್ಪತ್ರೆಯಲ್ಲಿ ಎರಡನೆಯ ದಿನ ಹೋಗಿಬಿಟ್ಟರು.

ತಿಥಿ ಮುಗಿದ ಮೇಲೆ ಅವರ ಮಗಳು ನನ್ನನ್ನು ಕರೆದಳು. ಮದುವೆಯಾಗಿ ಹೊಸಕೋಟೆ ಕಡೆ ಜಡಿಗೇನಹಳ್ಳಿಯಲ್ಲಿರುವವಳು. "ಅತ್ತೆ, ಅಪ್ಪನ ಗಾಜಿನ ಸಾಮಾನೆಲ್ಲ ನೀವೇ ನೋಡ್ಬೇಕು. ಮತ್ತೆ ಗುಜರಿಗೆ ಹಾಕೋಕೆ ನಂಗೆ ಮನಸ್ಸು ಬರ್ತಿಲ್ಲ."

ಟ್ರಂಕು ತೆರೆದೆವು. ಒಂದೊಂದು ಲೆನ್ಸನ್ನೂ ರವಿಕೆ ಬಟ್ಟೆಯ ತುಂಡಿನಲ್ಲಿ ಸುತ್ತಿ, ಗ್ರಾಫ್ ಹಾಳೆಯ ಚೀಟಿ ಇಟ್ಟಿದ್ದರು. 'ಟಾಕೀಸಿನದು. ಸ್ವಲ್ಪ ಗೀರು.' 'ಸ್ಟುಡಿಯೋದವರು ಕೊಟ್ಟದ್ದು. ಉಲ್ಟಾ ಹಾಕಬೇಕು.' 'ಟೀಚರಮ್ಮನ ಸ್ಕೂಲಿನದು. ಎಲ್ಲಕ್ಕಿಂತ ಒಳ್ಳೆಯ ಕಣ್ಣು.' ತಳದಲ್ಲಿ ನೇರಳೆ ಸೀರೆ ಮಡಿಸಿಟ್ಟಿತ್ತು. ಮಡಿಕೆಯೊಳಗೆ ಒಂದು ಫೋಟೊ.

ಮಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದೇನತ್ತೆ? ಬರೀ ಬಟ್ಟೆ ಇದೆ. ಏನೂ ಇಲ್ವಲ್ಲ."

ಬರೀ ಬಟ್ಟೆಯೇ. ಆದರೆ ಚಿತ್ರದ ಅಡ್ಡಕ್ಕೆ, ಎಳೆಗಳ ನಡುವೆ ಒಂದು ಸಣ್ಣ ಸಂದು ಹಾದುಹೋಗಿತ್ತು. ಒಂದು ಕೂದಲು ಹಿಡಿಸುವಷ್ಟು ಮಾತ್ರ. ಹಿಂಬದಿಯಲ್ಲಿ ಅವರ ದುಂಡಗಿನ ಅಕ್ಷರ: 'ಸೆರಗಿನಿಂದ ಎರಡು ಗೇಣು. ಕೂದಲು ಇದ್ದ ಜಾಗ. ಬೇರೆ ಕಡೆ ಇನ್ನೂ ಇರಬಹುದು.'

ಸೀರೆ ಬಿಡಿಸಿದೆ. ಅಂಚಿನ ಉದ್ದಕ್ಕೂ ಗೇಣಿಗೊಂದರಂತೆ ಕ್ಯಾಮೆರಾ ಕೆಳಗೆ ನೋಡಿ ಮುಗಿಸಿದ ಭಾಗಕ್ಕೆ ಕೆಂಪು ದಾರದ ಹೊಲಿಗೆ ಹಾಕಿದ್ದರು. ಬಾಗಿಲು ಅರ್ಧ ಮುಚ್ಚಿಕೊಂಡು ಅವರು ಮಾಡುತ್ತಿದ್ದುದು ಇದನ್ನು. ಹದಿನೈದನೆಯ ಗೇಣಿಗೆ ಹೊಲಿಗೆ ನಿಂತಿತ್ತು. ಅಲ್ಲಿಂದ ಮುಂದೆ ಒಂಬತ್ತು ಗೇಣು ಉಳಿದಿತ್ತು.

ಆಗ ನಾನು ಹೇಳಿದೆ. "ನಿಮ್ಮಮ್ಮನ ಕೂದಲು ಇತ್ತು ಕಣಮ್ಮ ಇಲ್ಲಿ. ಕಿತ್ತು ಹಾಕಿದ್ದು ನಾನು." ಚಿಮಟ, ಫ್ಯಾನು, ಎಲ್ಲ ಹೇಳಿದೆ. ಅವಳು ಫೋಟೊದ ಸಂದಿನ ಮೇಲೆ ಉಗುರು ಆಡಿಸುತ್ತಾ ಕೇಳಿಸಿಕೊಂಡಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿ ಎಂದೂ ಕಾದೆ.

"ಆ ಸೀರೆ ನೇಯೋವಾಗ ಅಮ್ಮಂಗೆ ಎಷ್ಟು ಕೂದ್ಲು ಉದುರ್ತಿತ್ತು ಗೊತ್ತಲ್ಲ ಅತ್ತೆ ನಿಮ್ಗೆ" ಎಂದಳು. "ಇಷ್ಟುದ್ದ ಸೀರೇಲಿ ಒಂದೇ ಒಂದು ಸೇರ್ಕೊಂಡಿರೋಕೆ ಹೆಂಗೆ ಸಾಧ್ಯ?"

ಈಗ ಅವಳು ಹದಿನೈದು ದಿನಕ್ಕೊಮ್ಮೆ ಭಾನುವಾರ ಬರುತ್ತಾಳೆ. ಕ್ಯಾಮೆರಾ ನಮಗೆ ಬಗ್ಗುವುದಿಲ್ಲ, ಅಣ್ಣನ ಎಳೆ ಎಣಿಸುವ ಗಾಜನ್ನೇ ಸೀರೆಯ ಮೇಲೆ ನಿಲ್ಲಿಸುತ್ತೇವೆ. ಮೊದಲು ಫ್ಯಾನಿನ ಸ್ವಿಚ್ ಆರಿಸುತ್ತೇವೆ. ಗಾಜನ್ನೂ ಬಟ್ಟೆಯನ್ನೂ ಸರಿಸುವವಳು ಅವಳು. ನೋಡುವವಳು ನಾನು, ಕೂದಲು ಹುಡುಕುವುದರಲ್ಲಿ ಪಳಗಿದ ಕಣ್ಣು ನನ್ನದೇ ಅಲ್ಲವೆ. ಒಂದು ಗೇಣು ಮುಗಿದರೆ ಅವಳು ಕೆಂಪು ಹೊಲಿಗೆ ಹಾಕುತ್ತಾಳೆ. ಇನ್ನು ಐದು ಗೇಣು ಉಳಿದಿದೆ. ಇನ್ನೂ ಸಿಕ್ಕಿಲ್ಲ. ನೋಡುವಷ್ಟು ಹೊತ್ತೂ ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತೇನೆ.